ಎರಡು ಊರು, ಒಂದೇ ಬೇಸಿಗೆ

ಮೇ ತಿಂಗಳಲ್ಲಿ ಜನ ಸ್ವೆಟರ್ ಹಾಕಿಕೊಂಡು ಹಾಲು ತರಲು ಹೋಗುವುದನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಹಿಂದಿನ ಸಂಜೆ ಮಳೆ ಬಂದಿತ್ತು. ಅದೇ ಹೊತ್ತಿನಲ್ಲಿ ವಿಜಾಪುರದ ನಮ್ಮ ಕಡೆ ಗೋಡೆ ಮುಟ್ಟಿದರೂ ಕೈ ಬಿಸಿಯಾಗುತ್ತದೆ. ಇಲ್ಲಿಯದನ್ನೂ ಬೇಸಿಗೆ ಎನ್ನುತ್ತಾರಲ್ಲ ಅನ್ನಿಸಿತು.

ಇಲ್ಲಿಯ ಖಾಸಗಿ ಶಾಲೆಯೊಂದಕ್ಕೆ ಗಣಿತದ ಟೀಚರಾಗಿ ಬಂದು ಆಗ ವರ್ಷವಾಗಿತ್ತಷ್ಟೆ. ಮೊದಲು ಎನ್.ಆರ್. ಕಾಲೋನಿಯಲ್ಲಿ ಬಾಡಿಗೆ ಮನೆ ಕೇಳಿದ್ದೆ. ಮನೆಯಾಕೆ ಕುರ್ಚಿ ಕೊಟ್ಟು ಕೂರಿಸಿ, "ನೀವು ಯಾವ ಜನ?" ಎಂದರು. ಹೇಳಿದೆ. "ಅಯ್ಯೋ, ನಮ್ಮ ನೆಂಟರಿಗೇ ಕೊಡೋದು ಅಂತ ಮಾತಾಗ್ಬಿಟ್ಟಿದೆಯಮ್ಮಾ" ಎಂದರು. ಊರಿನಲ್ಲಿ ಯಾರೂ ಹೀಗೆ ಕೇಳುವುದಿಲ್ಲ. ಅಲ್ಲಿ ಕೇಳದೆಯೇ ಎಲ್ಲರಿಗೂ ಗೊತ್ತಿರುತ್ತದೆ. ಕೊನೆಗೆ ಚಾಮರಾಜಪೇಟೆಯಲ್ಲಿ ಒಂದೇ ಕೋಣೆಯ ಮನೆ ಸಿಕ್ಕಿತು. ಬೆಲ್ಲ ಹಾಕಿದ ಸಾರು ಉಣ್ಣುವುದನ್ನು ಕಲಿತೆ.

ಆ ಮೇ ತಿಂಗಳು ಊರಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಚಾಮರಾಜಪೇಟೆಯ ಒಂದು ಸಂಸ್ಥೆಯವರು, ಹತ್ತನೆಯ ತರಗತಿಯಲ್ಲಿ ಫೇಲಾದ ಬಡಮಕ್ಕಳಿಗೆ ಬೇಸಿಗೆ ತರಗತಿ ನಡೆಸುತ್ತೇವೆ, ಗಣಿತಕ್ಕೆ ಯಾರೂ ಸಿಗುತ್ತಿಲ್ಲ ಎಂದರು. ಒಪ್ಪಿಕೊಂಡೆ.

ಮೊದಲ ವಾರ ಬೀಜಗಣಿತ ಮಾಡಿದೆ. ಸೆಲ್ವಿ ಎಂಬ ಹುಡುಗಿ ಪಕ್ಕದವಳ ಕಿವಿಯಲ್ಲಿ "ಪುರಿಯಲೆ, ಪುರಿಯಲೆ" ಎನ್ನುತ್ತಿದ್ದಳು. ತಮಿಳಿನಲ್ಲಿ ಅರ್ಥವಾಗುತ್ತಿಲ್ಲ ಎಂದರ್ಥವಂತೆ. ಹತ್ತಿರ ಕರೆದು ಕೇಳಿದೆ.

"ಮಿಸ್, ನಂಗೆ ಭಿನ್ನರಾಶೀನೇ ಬರಲ್ಲ. ಚಿಕ್ಕ ಕ್ಲಾಸಿಂದ್ಲೂ ಬರಲ್ಲ."

"ಯಾರನ್ನೂ ಕೇಳ್ಲಿಲ್ವಾ?"

"ದೊಡ್ಡ ಕ್ಲಾಸಲ್ಲಿ ಅದನ್ನ ಕೇಳಿದ್ರೆ ನಗ್ತಾರೆ ಮಿಸ್."

ಮರುದಿನ ಬೀಜಗಣಿತ ಬಿಟ್ಟು ಅರ್ಧ, ಕಾಲುಗಳಿಂದ ಶುರುಮಾಡಿದೆ. ಇಡೀ ತರಗತಿ ಸುಮ್ಮನೆ ಬರೆದುಕೊಂಡಿತು. ಬೇಕಿದ್ದುದು ಸೆಲ್ವಿಯೊಬ್ಬಳಿಗೇ ಅಲ್ಲ ಎಂದು ಆಗ ತಿಳಿಯಿತು. ನನ್ನ ಶಾಲೆಯಲ್ಲಿ ಮುಂದಿನ ಬೆಂಚಿನವರು ತಲೆಯಾಡಿಸಿದರೆ ನಾನು ಮುಂದೆ ಹೋಗಿಬಿಡುತ್ತಿದ್ದೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹಾಗೆ ಹೋಗಲಾಗಲಿಲ್ಲ. ಪಾಠ ಹಿಂದೆ ಬಿತ್ತು, ಹೆಡ್ ಮಿಸ್ ಬೇಜಾರು ಮಾಡಿಕೊಂಡರು.

ಆ ಬೇಸಿಗೆ ತರಗತಿಯ ನಡುವೆಯೇ ಒಮ್ಮೆ ಸೆಲ್ವಿ ಬರುವುದು ನಿಂತಿತು. ಅವಳ ಮನೆ ಹುಡುಕಿಕೊಂಡು ಹೋದೆ. ತಾಯಿ ಬಸವನಗುಡಿಯ ಮನೆಗಳಲ್ಲಿ ಪಾತ್ರೆ ತೊಳೆಯುವಾಕೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದರು.

"ಬಿಸಿನೀರು ಬಿದ್ಬಿಡ್ತು ಮಿಸ್. ಇವ್ಳು ಹೋಗ್ದೆ ಇದ್ರೆ ಅವ್ರು ಬೇರೆಯವ್ರನ್ನ ಇಟ್ಕೊಂಡ್ಬಿಡ್ತಾರೆ."

"ಕೆಲ್ಸ ಮುಗಿಸ್ಕೊಂಡು ಮಧ್ಯಾಹ್ನ ಬರ್ಲಿ. ನಾನು ಇರ್ತೀನಿ."

ಹಾಗೆ ಬೆಳಿಗ್ಗೆ ಒಂದು ತರಗತಿ, ಮಧ್ಯಾಹ್ನ ಇನ್ನೊಂದಾಯಿತು. ಸೆಲ್ವಿಯ ಹಿಂದೆ ತಂಗಿ ಕಲಾ ಕೂಡ ಬಂದು ಕೂರತೊಡಗಿದಳು. ಸಂಜೆ ಗಂಟಲು ಕಟ್ಟಿಹೋಗಿ ಅನ್ನ ಬೇಯಿಸಲೂ ಏಳಲಾಗುತ್ತಿರಲಿಲ್ಲ. ಮರುಪರೀಕ್ಷೆಯಲ್ಲಿ ಸೆಲ್ವಿ ಪಾಸಾದಳು. ಅವಳ ಜೊತೆಗಿದ್ದ ಹಲವರು ಆಗಲಿಲ್ಲ.

ಮುಂದಿನ ಮೇ ತಿಂಗಳೂ ಇಲ್ಲೇ ಕಳೆಯಿತು. ಅದರ ಮರುವರ್ಷ ಕಲಾ ಹತ್ತನೆಯ ತರಗತಿಯ ಗಣಿತದಲ್ಲಿ ಫೇಲಾದಳು. ಅದೇ ವಾರ ಅಕ್ಕ ಫೋನ್ ಮಾಡಿದಳು. ಅವಳ ಮಗಳು ಶೋಭಾ ಕೂಡ ಗಣಿತದಲ್ಲೇ ನಪಾಸು.

"ನೀ ಅಲ್ಲಿ ಮಂದಿ ಮಕ್ಕಳಿಗೆ ಕಲಸಾಕತ್ತಿ. ಇಲ್ಲಿ ಸಾಲ್ಯಾಗ ಗಣಿತಕ್ಕ ಮಾಸ್ತರ ಇಲ್ಲ. ಈಕಿಗೆ ಯಾರ ಕಲಸಬೇಕು?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬರುವುದಿಲ್ಲ ಎನ್ನುವುದು ಸಲೀಸಾಗುತ್ತಿತ್ತು.

ಊರಿಗೆ ಹೋದೆ. ಶೋಭಾಳ ಜೊತೆ ಓಣಿಯ ಮಕ್ಕಳೂ ಬಂದು ಕೂತರು. ಉರಿಬಿಸಿಲಿಗೆ ನನ್ನ ಮೈ ಒಗ್ಗಲಿಲ್ಲ. "ಬೆಂಗಳೂರಾಕಿಗೆ ಝಳ ತಡಿಯೂದಿಲ್ಲ" ಎಂದು ಎಲ್ಲರೂ ನಕ್ಕರು. ಶೋಭಾ ಪರೀಕ್ಷೆ ದಾಟಿದಳು.

ಚಾಮರಾಜಪೇಟೆಯಲ್ಲಿ ಗಣಿತಕ್ಕೆ ಬೇರೆ ಯಾರೂ ಸಿಕ್ಕಿರಲಿಲ್ಲ. ಆ ಬೇಸಿಗೆ ತರಗತಿ ನಡೆಯಲಿಲ್ಲ. ಕಲಾ ಪರೀಕ್ಷೆಗೆ ಕೂರದೆ ಚಿಕ್ಕಪೇಟೆಯ ಬಟ್ಟೆ ಅಂಗಡಿಗೆ ಸೇರಿದ್ದಳು. ಬೆಂಗಳೂರಿಗೆ ಮರಳಿದ ಮೇಲೆ ವಿಷಯ ತಿಳಿದು ಅವರ ಮನೆಗೆ ಹೋದೆ. ತಾಯಿ ಚಾಪೆ ಹಾಸಿದರು.

"ಬಂದ್ರಾ ಮಿಸ್? ಊರಲ್ಲಿ ಎಲ್ಲಾ ಚೆನ್ನಾಗಿದಾರಾ?"

"ಚೆನ್ನಾಗಿದಾರೆ" ಎಂದೆ. ಅಕ್ಕನ ಮಗಳು ಪಾಸಾದಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ.