ತಲೆಯ ಮೇಲಿನ ಕೈ

ಸತ್ತವರು ಬಂದು ಬಾಗಿಲು ತಟ್ಟಿದರು, ಕನಸಿನಲ್ಲಿ ದಾರಿ ತೋರಿಸಿದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೊರಗೆ ಹೋಗುವ ಮನುಷ್ಯ ನಾನು. ‘ಅಂತೆಕಂತೆಗಳ ಸಂತೆ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ನೆಂಟರ ಮನಸ್ಸು ಕೆಡಿಸಿದ್ದೂ ಉಂಟು. ಹಾಗೆಂದು ಈಗ ನಾನು ಪೂರಾ ಬದಲಾಗಿದ್ದೇನೆ ಎಂದು ತಿಳಿಯಬೇಡಿ. ಕೆಲವು ವರ್ಷಗಳ ಹಿಂದೆ ಸಮುದ್ರದ ಮೇಲೆ, ಒಂದು ಊಟದ ಹೊತ್ತಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿದ ಮೇಲೆ ನಿಮಗೆ ಏನಾದರೂ ಹೊಳೆದರೆ ನೀವು ನನಗಿಂತ ಜಾಣರು.

ನಾವು ನೀಲಗಿರಿಯ ಕೋತಗಿರಿ ಪಕ್ಕದ ಒಂದು ಹಟ್ಟಿಯ ಬಡಗರು. ಮನೆಯೊಳಗೆ ಬಡಗ ಮಾತು, ಪೇಟೆಗೆ ಇಳಿದರೆ ತಮಿಳು. ನಾನು ಮೈಸೂರಿನಲ್ಲಿ ಓದಿದ್ದರಿಂದ ಬರೆಯಲು ಕೂತರೆ ಕನ್ನಡವೇ ಬರುತ್ತದೆ. ಒಂದಿಷ್ಟು ಟೀ ಇದೆ. ಎಲೆ ಕಿತ್ತು ಫ್ಯಾಕ್ಟರಿಗೆ ಹಾಕಿ, ಎಲೆಯ ರೇಟಿಗೆ ಬೈಯುತ್ತಾ ದಿನ ಕಳೆಯುತ್ತೇವೆ. ನನ್ನ ಹೆಂಡತಿ ಗಿರಿಜೆಗೆ ಕಡಲೆಕಾಯಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆನೋವು, ತುರಿಕೆ ಅಷ್ಟೇ ಅಲ್ಲ. ಒಂದು ಚೂರು ಒಳಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಕೊಯಮತ್ತೂರಿನ ಡಾಕ್ಟರು ಕೊಟ್ಟ, ತೊಡೆಗೆ ಚುಚ್ಚುವ ಇಂಜೆಕ್ಷನ್ ಸದಾ ಅವಳ ಕೈಚೀಲದಲ್ಲಿ ಇರುತ್ತದೆ. ಮದುವೆಯಾದ ಮೇಲೆ ನಾನೇ ಒಮ್ಮೆ ಅದನ್ನು ಚುಚ್ಚಿದ್ದೇನೆ. ಆ ದಿನ ಅವಳ ತುಟಿ ನೀಲಿಯಾದದ್ದು ಈಗಲೂ ಕಣ್ಣ ಮುಂದಿದೆ.

ಈ ಕಾಯಿಲೆ ತಿಳಿದದ್ದು ಅವಳು ಚಿಕ್ಕವಳಿದ್ದಾಗ. ಯಾರೋ ಪ್ರೀತಿಯಿಂದ ಕಡಲೆ ಮಿಠಾಯಿ ಕೊಟ್ಟರು. ಹುಡುಗಿ ತಿಂದು ಬಿದ್ದಳು. ಅವಳ ಹೆತ್ತೆ, ಅಂದರೆ ಅಜ್ಜಿ, ಎಲೆ ಸಾಗಿಸುವ ಲಾರಿಯನ್ನು ಅಡ್ಡಗಟ್ಟಿ ಆಸ್ಪತ್ರೆಗೆ ಎತ್ತಿಕೊಂಡು ಹೋದಳಂತೆ. ಹುಡುಗಿ ಬದುಕಿದಳು. ಅಲ್ಲಿಂದಾಚೆಗೆ ಹೆತ್ತೆ ಒಂದು ಪದ್ಧತಿ ಹಿಡಿದಳು. ನಮ್ಮಲ್ಲಿ ಕಿರಿಯರು ತಲೆ ಬಗ್ಗಿಸಿದರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು ‘ಬದುಕು, ಒಂದು ಒಂಬತ್ತಾಗಲಿ’ ಎಂದು ಹರಸುತ್ತಾರೆ. ಹಿರಿಯರು ಕೈ ತೆಗೆಯುವ ತನಕ ತಲೆ ಎತ್ತುವ ಹಾಗಿಲ್ಲ. ಹೆತ್ತೆ ಇದನ್ನು ಊಟಕ್ಕೆ ತಂದಳು. ಮೊಮ್ಮಗಳು ತಟ್ಟೆಯ ಮುಂದೆ ಕೂತ ಕೂಡಲೇ ತಲೆಯ ಮೇಲೆ ಕೈಯಿಡುವುದು, ತಟ್ಟೆಯಲ್ಲಿ ಇರುವುದನ್ನೆಲ್ಲ ನೋಡುವುದು, ಅನುಮಾನ ಬಂದರೆ ತನ್ನ ನಾಲಿಗೆಗೆ ಹಚ್ಚಿ ನೋಡುವುದು. ಎಲ್ಲಾ ಸರಿ ಅನ್ನಿಸಿದ ಮೇಲೆ ಕೈ ತೆಗೆಯುವುದು. ಹಬ್ಬದ ದಿನ ಮನೆಮನೆಗೆ ಹೋದಾಗಲೂ ಹಾಗೆಯೇ. ಎಷ್ಟೇ ಹಸಿವಾದರೂ ಹೆತ್ತೆಯ ಕೈಯ ಕೆಳಗೆ ಹುಡುಗಿ ಕಾಯಬೇಕು. ನಮ್ಮ ಮದುವೆಗೆ ಬಹಳ ಮೊದಲೇ ಹೆತ್ತೆ ತೀರಿಕೊಂಡಳು. ನಾನು ಅವಳನ್ನು ಫೋಟೋದಲ್ಲಿ ಕೂಡ ನೋಡಿಲ್ಲ.

ಗಿರಿಜೆ ಜೀವಮಾನವಿಡೀ ಮದುವೆ ಮನೆಗೆ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋದವಳು. ಎಲ್ಲರೂ ಸಾಲಾಗಿ ಕೂತು ನಗುತ್ತಾ ಉಣ್ಣುವಾಗ ಇವಳು ಒಂದು ಮೂಲೆಯಲ್ಲಿ ಡಬ್ಬಿ ಬಿಚ್ಚುತ್ತಾಳೆ. ಅದರ ಬಗ್ಗೆ ಒಂದು ದಿನವೂ ದೂರು ಹೇಳಿದವಳಲ್ಲ. ಮಗಳ ಮದುವೆ ಮುಗಿದ ಮೇಲೆ ಒಮ್ಮೆ ಮಾತ್ರ ಹೇಳಿದಳು: ‘‘ನಾ ಸಮುದ್ರ ಕಂಡಿಲ್ಲೆ. ಎಲ್ಲರ ಕೂಡ ಒಂದು ಮೇಜಿಲಿ ಕೂತು ಉಂಡದ್ದೂ ಇಲ್ಲೆ.’’ ಎರಡನ್ನೂ ಒಟ್ಟಿಗೆ ಏಕೆ ಹೇಳಿದಳೋ ಗೊತ್ತಿಲ್ಲ.

ಅದೇ ಹೊತ್ತಿಗೆ ನನ್ನ ಅಕ್ಕ ಮಾದಿ ಮತ್ತು ಭಾವ, ಹಟ್ಟಿಯ ಇನ್ನೂ ಕೆಲವರ ಜೊತೆ ಕೊಚ್ಚಿಯಿಂದ ಹಡಗಿನಲ್ಲಿ ಟೂರ್ ಹೊರಟಿದ್ದರು. ನಾವೂ ಸೇರಿಕೊಂಡೆವು. ನಾನು ಸುಮ್ಮನೆ ಹೊರಡಲಿಲ್ಲ. ಟಿಕೆಟ್ ಮಾಡುವ ಮೊದಲೇ ಹಡಗಿನವರಿಗೆ ಫೋನ್ ಮಾಡಿ ತಲೆ ತಿಂದೆ. ಹಡಗಿನಲ್ಲಿ ಡಾಕ್ಟರು ಇದ್ದಾರಾ, ಅಡುಗೆಗೆ ಬೇರೆ ಪಾತ್ರೆ ಸಿಗುತ್ತದಾ, ಯಾವ ಎಣ್ಣೆ ಹಾಕುತ್ತೀರಿ, ಎಲ್ಲಾ ಕೇಳಿದೆ. ಕೊಯಮತ್ತೂರಿನ ಡಾಕ್ಟರು ಒಂದರ ಬದಲು ಎರಡು ಇಂಜೆಕ್ಷನ್ ಕೊಟ್ಟು, ಒಂದು ಅವಳ ಹತ್ತಿರ, ಒಂದು ನನ್ನ ಜೇಬಿನಲ್ಲಿ ಇರಲಿ ಎಂದರು. ಎಲ್ಲರೂ ಕೈ ಹಾಕಿ ಬಡಿಸಿಕೊಳ್ಳುವ ಸಾಲಿನ ಊಟದ ಹತ್ತಿರ ಸುಳಿಯಬೇಡಿ ಎಂದೂ ಹೇಳಿದರು. ಹಡಗು ಹತ್ತಿದ ದಿನವೇ ಅಡುಗೆಯ ಮುಖ್ಯಸ್ಥ ಮೇಜಿಗೆ ಬಂದು ಗಿರಿಜೆಯನ್ನು ಕಂಡು ಮಾತಾಡಿದ. ಮಲಯಾಳಿ, ಒಳ್ಳೆಯ ಮನುಷ್ಯ. ಅವಳ ಊಟ ಬೇರೆ ಬಾಣಲೆಯಲ್ಲಿ ಆಗುತ್ತದೆ, ಮುಚ್ಚಿದ ತಟ್ಟೆಯಲ್ಲಿ ಗೊತ್ತುಮಾಡಿದ ಒಬ್ಬನೇ ತರುತ್ತಾನೆ, ಬೇರೆ ಯಾರು ತಂದರೂ ಮುಟ್ಟಬೇಡಿ ಎಂದ. ಮೊದಲ ದಿನ ಹೇಳಿದ ಹಾಗೆಯೇ ನಡೆಯಿತು. ಅವಳು ಎಲ್ಲರ ನಡುವೆ ಕೂತು, ಕಿಟಕಿಯಾಚೆ ನೀರು ನೋಡುತ್ತಾ, ಮದುವಣಗಿತ್ತಿಯ ಹಾಗೆ ನಾಚಿಕೊಂಡು ಉಂಡಳು. ಅದನ್ನು ನೋಡುತ್ತಾ ನಾನು ನನ್ನ ಊಟ ಮರೆತೆ.

ಹಡಗಿನ ಅಡುಗೆಮನೆಗೆ ನಾವು ಹೆದರಿದ್ದೆವು. ನಮ್ಮದೇ ಮನೆಯ ಡಬ್ಬಿಗೆ ಹೆದರಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ಎಲ್ಲಿಗೆ ಹೊರಟರೂ ಪುಡಿ ಇಲ್ಲದೆ ಹೊರಡುವುದಿಲ್ಲ. ಹುರಿದ ಅವರೆ, ಒಣಮೆಣಸು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ. ಅನ್ನದ ಮೇಲೆ ಉದುರಿಸಿಕೊಂಡು ತಿಂದರೆ ನಾಲಿಗೆ ಎಚ್ಚರವಾಗುತ್ತದೆ. ಭಾವನಿಗೆ ಅದರಲ್ಲಿ ಕಡಲೆಕಾಯಿ ಬೇಕೇ ಬೇಕು. ಅದನ್ನು ಸೊಸೆ ಪುಷ್ಪ ಮಾಡುತ್ತಾಳೆ. ಗಿರಿಜೆಗೆಂದು ಕಡಲೆ ಸೋಕದ ಪುಡಿಯನ್ನು ಬೇರೆ ಒರಳಿನಲ್ಲಿ ಅಕ್ಕ ತಾನೇ ಕುಟ್ಟುತ್ತಾಳೆ. ಎಷ್ಟೋ ವರ್ಷದಿಂದ ಗಿರಿಜೆ ಕಣ್ಣು ಮುಚ್ಚಿ ತಿನ್ನುವುದು ನನ್ನ ಅಕ್ಕನ ಕೈಯ ಪುಡಿಯನ್ನು ಮಾತ್ರ. ಡಬ್ಬಿಗಳು ಒಂದೇ ಥರದ ಸ್ಟೀಲಿನವು. ಗಿರಿಜೆಯ ಡಬ್ಬಿಯ ಮುಚ್ಚಳದ ಹಿಡಿಗೆ ಅಕ್ಕ ಕೆಂಪು ದಾರ ಕಟ್ಟಿರುತ್ತಾಳೆ. ಬಂದರಿನಲ್ಲಿ ಚೀಲ ತಪಾಸಣೆ ಮಾಡುವಾಗ ಎರಡೂ ಡಬ್ಬಿ ತೆರೆದು ತೋರಿಸಬೇಕಾಯಿತು. ಹಿಂದೆ ಜನ ನೂಕುತ್ತಿದ್ದರು. ಭಾವ ಗಡಿಬಿಡಿಯಲ್ಲಿ ಮುಚ್ಚಳ ಹಾಕಿ ಚೀಲಕ್ಕೆ ತುರುಕಿದ. ದಾರ ಇದ್ದದ್ದು ಮುಚ್ಚಳಕ್ಕೆ, ಡಬ್ಬಿಗಲ್ಲ. ಇದೆಲ್ಲ ನಮಗೆ ಅರ್ಥವಾದದ್ದು ಆಮೇಲೆ.

ಎರಡನೆಯ ದಿನ ಸಂಜೆ, ಹೊರಗೆ ಇನ್ನೂ ಬೆಳಕಿತ್ತು, ಊಟಕ್ಕೆ ಕೂತೆವು. ಗಿರಿಜೆಯ ತಟ್ಟೆ ಬಂತು. ಬಿಳಿ ಅನ್ನ, ಬೇಯಿಸಿದ ತರಕಾರಿ, ಸಪ್ಪೆ ಬೇಳೆ. ಅಕ್ಕನಿಗೆ ನೋಡಲಾಗಲಿಲ್ಲ. ‘‘ಅಯ್ಯೋ ಕೂಸೆ, ಈ ಸಪ್ಪೆಯ ಎಂತ ತಿಂಬೆ!’’ ಎಂದು ಚೀಲದಿಂದ ಕೆಂಪು ದಾರದ ಡಬ್ಬಿ ತೆಗೆದು ಅನ್ನದ ಮೇಲೆ ಧಾರಾಳವಾಗಿ ಉದುರಿಸಿದಳು. ಹಿರಿಯರ ಕೈಯಿಂದ ತಟ್ಟೆಗೆ ಬಿದ್ದದ್ದನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಬೇಡ ಎನ್ನುವ ಕಾರಣವೂ ಇರಲಿಲ್ಲ. ಗಿರಿಜೆ ಆಸೆಯಿಂದ ಕಲಸಿದಳು, ತುತ್ತು ಎತ್ತಿದಳು.

ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿ ತಲೆ ಬಗ್ಗಿಸಿದಳು.

ನಾನು ಮೊದಲು ತಲೆಸುತ್ತು ಎಂದುಕೊಂಡೆ. ಹಡಗು ಸ್ವಲ್ಪ ತೂಗುತ್ತಿತ್ತು. ‘‘ಗಿರಿಜೆ, ಏನ ಆತು?’’ ಎಂದೆ. ಆದರೆ ಅದು ತಲೆಸುತ್ತಿನವರು ಕೂರುವ ರೀತಿಯಲ್ಲ. ಬೆನ್ನು ನೆಟ್ಟಗಿತ್ತು, ಕೈ ಮಡಿಲಿನಲ್ಲಿತ್ತು, ಕುತ್ತಿಗೆ ಮಾತ್ರ ಬಗ್ಗಿತ್ತು. ಬಡಗರ ಮನೆಯಲ್ಲಿ ಹುಟ್ಟಿದ ಯಾರಿಗೂ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಹಿರಿಯರ ಮುಂದೆ ಹರಸಿಸಿಕೊಳ್ಳಲು ತಲೆ ಬಗ್ಗಿಸಿದವರು ಹಾಗೆ ಕೂರುತ್ತಾರೆ. ಅವಳ ಎದುರಿಗೆ ಮೇಜು, ಮೇಜಿನಾಚೆ ಕಿಟಕಿ, ಕಿಟಕಿಯಾಚೆ ನೀರು. ಹಿರಿಯರು ಯಾರೂ ಅಲ್ಲಿ ನಿಂತಿರಲಿಲ್ಲ.

ಸುತ್ತಲಿನವರು ತಿನ್ನುವುದನ್ನು ನಿಲ್ಲಿಸಿ ನೋಡತೊಡಗಿದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ‘‘ತಲೆ ಎತ್ತಿ ಊಟ ಮಾಡು, ಎಲ್ಲರೂ ನೋಡುತ್ತಾರೆ’’ ಎಂದು ಪಿಸುಗುಟ್ಟಿದೆ. ಅವಳು ತಲೆ ಎತ್ತದೆಯೇ ಹೇಳಿದಳು: ‘‘ಕೈ ತೆಗೆದಿಲ್ಲೆ.’’

‘‘ಯಾರ ಕೈ?’’

ಜ್ವರ ಬಂದು ಬಡಬಡಿಸುತ್ತಾಳೇನೋ ಎಂದು ಬಿಸಿ ನೋಡಲು, ಬಗ್ಗಿದ ಹಣೆ ಸಿಗದೆ, ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಇಲ್ಲಿಯೇ ನೋಡಿ, ನನ್ನ ಬುದ್ಧಿ ಇವತ್ತಿಗೂ ಮುಗ್ಗರಿಸುವುದು. ನನ್ನ ಅಂಗೈಗೆ ಕೂದಲು ತಾಗಲಿಲ್ಲ. ಕೂದಲಿಗಿಂತ ಮೊದಲು, ಒಂದು ಬೆರಳಿನಷ್ಟು ಮೇಲೆ, ಬೇರೇನೋ ತಾಗಿತು. ಬೆಚ್ಚಗಿತ್ತು. ಒರಟಾಗಿತ್ತು. ವರ್ಷಗಟ್ಟಲೆ ಎಲೆ ಕಿತ್ತ ಹೆಂಗಸರ ಕೈ ಹೇಗಿರುತ್ತದೆಂದು ನನಗೆ ಗೊತ್ತು. ನನ್ನ ಅವ್ವೆಯ ಕೈ ಹಾಗೆಯೇ ಇತ್ತು. ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡೆ. ನೋಡಿದರೆ ಅಲ್ಲಿ ಅವಳ ತಲೆ, ಬೈತಲೆ, ಒಂದೆರಡು ನರೆಕೂದಲು. ಬೇರೆ ಏನೂ ಇಲ್ಲ.

ಇಷ್ಟು ಹೊತ್ತಿಗೆ ಅಕ್ಕ ಇನ್ನೊಂದು ಡಬ್ಬಿಯ ಪುಡಿಯನ್ನು ಭಾವನಿಗೆ ಬಡಿಸಿ, ತಾನೂ ಒಂದಿಷ್ಟು ಹಾಕಿಕೊಂಡಿದ್ದಳು. ಗಿರಿಜೆಯ ಕಡೆ ನೋಡುತ್ತಾ, ದಿಕ್ಕು ತೋಚದೆ, ಬೆರಳಿಗೆ ಹತ್ತಿದ್ದನ್ನು ಬಾಯಿಗೆ ಹಾಕಿಕೊಂಡಳು. ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ. ಮತ್ತೊಮ್ಮೆ ನೆಕ್ಕಿದಳು. ‘‘ಇದಲಿ ಕಡಲೆ ಇಲ್ಲೆ’’ ಎಂದಳು. ಆಮೇಲೆ ಇಡೀ ಊಟದ ಹಾಲ್ ಬೆಚ್ಚುವಂತೆ ಕಿರುಚಿದಳು: ‘‘ತಿನ್ನಬೇಡ ಗಿರಿಜೆ! ನಿನ್ನ ತಟ್ಟೆಲಿ ಇದ್ದದು ಪುಷ್ಪನ ಪುಡಿ!’’

ನಾನು ತಟ್ಟೆಯನ್ನು ತಳ್ಳಿದ ರಭಸಕ್ಕೆ ಅದು ನೆಲಕ್ಕೆ ಬಿದ್ದು ಒಡೆಯಿತು. ಬಡಿಸುವವನು ಓಡಿಬಂದ. ನಾನು ಗಿರಿಜೆಯ ಬಾಯಿ ತೆರೆಸಿ ನೋಡಿದೆ, ಕೈಯನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆಸಿದೆ. ಹಡಗಿನ ಡಾಕ್ಟರು ಬಂದು ನೋಡಿ, ಏನೂ ಒಳಗೆ ಹೋಗಿಲ್ಲ, ಗಾಬರಿ ಬೇಡ ಎಂದರು. ಅಕ್ಕ ಎದೆ ಬಡಿದುಕೊಂಡು ಅಳುತ್ತಿದ್ದಳು. ಇಷ್ಟೆಲ್ಲದರ ನಡುವೆ ಶಾಂತವಾಗಿದ್ದವಳು ಗಿರಿಜೆ ಒಬ್ಬಳೇ. ತಟ್ಟೆ ಕೆಳಗೆ ಬಿದ್ದಾಗಲೇ ಅವಳು ತಲೆ ಎತ್ತಿದ್ದಳು. ‘‘ಈಗ ತೆಗೆತು’’ ಎಂದು ನನ್ನೊಬ್ಬನಿಗೆ ಕೇಳುವ ಹಾಗೆ ಹೇಳಿದ್ದಳು.

ಅಡುಗೆಯವನು ಅವಳಿಗೆ ಮತ್ತೆ ಬಿಸಿ ಅನ್ನ ಮಾಡಿಸಿ ತಂದ. ಅವಳು ಹೊಟ್ಟೆ ತುಂಬ ಉಂಡಳು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ.

ಬೆಟ್ಟಕ್ಕೆ ವಾಪಸು ಬಂದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಅವಳಿಗೆ ಕಡಲೆಯ ವಾಸನೆ ಬಂದಿರಬೇಕು, ಅರಿವಿಲ್ಲದೆ ಮೈ ಎಚ್ಚರಗೊಂಡಿರಬೇಕು, ಚಿಕ್ಕಂದಿನ ಅಭ್ಯಾಸ ಮರುಕಳಿಸಿರಬೇಕು ಎಂದು ಲೆಕ್ಕ ಹಾಕಿದೆ. ನಮ್ಮ ಡಾಕ್ಟರೂ ಇರಬಹುದು ಎಂದರು. ಆದರೆ ಸಮುದ್ರದ ಗಾಳಿಗೆ ಅವಳಿಗೆ ಹಿಂದಿನ ದಿನದಿಂದಲೇ ಮೂಗು ಕಟ್ಟಿತ್ತು. ಹೋಗಲಿ, ಅವಳದ್ದು ಅಭ್ಯಾಸವೇ ಎಂದುಕೊಳ್ಳೋಣ. ನನ್ನ ಅಂಗೈಗೆ ಯಾವ ಅಭ್ಯಾಸ? ನಾನು ಆ ಹೆತ್ತೆಯನ್ನು ಕಂಡವನೇ ಅಲ್ಲ. ಹಗ್ಗ ಕಂಡು ಹಾವು ಎಂದವನು ನಾನು ಎಂದು ನೀವು ನಗಬಹುದು. ನಾನೂ ಬೇರೆಯವರ ವಿಷಯದಲ್ಲಿ ಹಾಗೆಯೇ ನಕ್ಕಿದ್ದೆ.

ಕೈಗೆ ತಾಗಿದ ವಿಷಯವನ್ನು ಬಹಳ ದಿನ ಗಿರಿಜೆಗೆ ಹೇಳಲಿಲ್ಲ. ಒಂದು ಮಧ್ಯಾಹ್ನ, ಮಂಜು ಇಳಿದು ತೋಟದ ಕೆಲಸ ನಿಂತಿತ್ತು, ಒಲೆಯ ಮುಂದೆ ಕೂತಿದ್ದಾಗ ಹೇಳಿಬಿಟ್ಟೆ. ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಪ್ರಶ್ನೆ ಕೇಳಿದಳು. ‘‘ಬಿಸಿ ಇತ್ತಾ, ತಣ್ಣಗೆ ಇತ್ತಾ?’’

‘‘ಬೆಚ್ಚಗಿತ್ತು’’ ಎಂದೆ.

ಅವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಆಮೇಲೆ ಹೇಳಿದಳು. ಹೆತ್ತೆ ಸತ್ತ ದಿನ ಇವಳು ಆ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಕಲ್ಲಿನ ಹಾಗೆ ತಣ್ಣಗಿತ್ತಂತೆ. ಆ ತಣ್ಣನೆಯ ಕೈಯೇ ಇಷ್ಟು ವರ್ಷ ನೆನಪಿನಲ್ಲಿ ಉಳಿದುಬಿಟ್ಟಿತ್ತಂತೆ.

ಅಕ್ಕ ಈಗ ಕಡಲೆ ಹಾಕಿದ ಪುಡಿಯನ್ನು ಮಾಡಿಸುವುದೇ ಇಲ್ಲ. ಭಾವ ಗೊಣಗುತ್ತಾ ಸಪ್ಪೆ ಪುಡಿ ತಿನ್ನುತ್ತಾನೆ. ನನ್ನಲ್ಲೂ ಒಂದು ಬದಲಾವಣೆ ಆಗಿದೆ. ಗಿರಿಜೆ ತಟ್ಟೆಯ ಮುಂದೆ ಕೂತಾಗ ನಾನು ಅವಳ ತಲೆಯ ಮೇಲೆ ಕೈಯಿಟ್ಟು, ತಟ್ಟೆಯಲ್ಲಿ ಇರುವುದನ್ನೆಲ್ಲ ನೋಡಿ, ಆಮೇಲೆ ಕೈ ತೆಗೆಯುತ್ತೇನೆ. ‘‘ನೀ ಏನ, ನನ್ನ ಹೆತ್ತೆಯಾ?’’ ಎಂದು ಅವಳು ನಗುತ್ತಾಳೆ, ಆದರೆ ತಲೆ ಬಗ್ಗಿಸುತ್ತಾಳೆ. ನಂಬಿಕೆಯ ಮಾತು ಕೇಳಿದರೆ ನಂಬಿಲ್ಲ ಎಂದೇ ಈಗಲೂ ಹೇಳುತ್ತೇನೆ. ಆದರೂ ಪ್ರತಿ ಸಲ ಕೈಯನ್ನು ನಿಧಾನವಾಗಿ ಇಳಿಸುತ್ತೇನೆ, ನನಗಿಂತ ಮೊದಲೇ ಅಲ್ಲಿ ಯಾರಾದರೂ ಕೈಯಿಟ್ಟಿದ್ದಾರೋ ಏನೋ ಎಂದು. ಇಲ್ಲಿಯವರೆಗೆ ಅಂಗೈಗೆ ಅವಳ ಕೂದಲೇ ತಾಗಿದೆ.