ಯಾರು ಬೇಕಾದರೂ ಅಂದರೆ ಯಾರು?

ಹಾರೋಹಳ್ಳಿಯ ಕಾರ್ಖಾನೆಯಲ್ಲಿದ್ದಾಗ, ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಕನ್ನಡ ಕೈಪಿಡಿಯೊಂದನ್ನು ಬರೆದಿದ್ದೆ. ಯಾರು ಬೇಕಾದರೂ ನಕಲು ಮಾಡಲಿ, ತಿದ್ದಲಿ, ನನ್ನ ಹೆಸರು ಉಳಿದರೆ ಸಾಕು ಎಂಬುದು ನನ್ನ ಆಸೆ. ಆದರೆ ಲಿಖಿತ ಅನುಮತಿಯಿಲ್ಲದೆ ಜೆರಾಕ್ಸ್ ಅಂಗಡಿಯವನು ಅದನ್ನು ಮುಟ್ಟಲೊಲ್ಲ. ಹಾಗಾಗಿ ಕನಕಪುರದ ವಕೀಲರೊಬ್ಬರ ಬಳಿ ಹೋದೆ.

“ಯಾರು ಬೇಕಾದ್ರೂ ಅಂದ್ರೆ ಯಾರಪ್ಪಾ? ಹೆಸರು, ತಂದೆ ಹೆಸರು ಹೇಳು,” ಅಂದರು.

“ಲೋಕದೋರೆಲ್ಲ, ಸಾರ್.”

“ಅಷ್ಟೂ ಜನ ಬಂದು ಸೈನ್ ಹಾಕ್ತಾರಾ?”

“ನಾನೊಬ್ಬ ಹಾಕಿದ್ರೆ ಸಾಕು, ಸಾರ್.”

ವಕೀಲರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮನೇಲಿ ಹೆಂಡ್ತಿಗೆ ಗೊತ್ತೈತಾ?”

ಗೊತ್ತಿದೆ ಅಂದೆ. ಕೊನೆಗೆ, ನಾನು ಸ್ವಸ್ಥ ಬುದ್ಧಿಯಿಂದಲೇ ಲೋಕಕ್ಕೆಲ್ಲ ಬರೆದುಕೊಟ್ಟಿದ್ದೇನೆಂದು ಪತ್ರ ಟೈಪ್ ಮಾಡಿಸಿ, ಕೆಳಗೆ ಸೀಲು ಒತ್ತಿದರು: ‘ಇದರ ನಕಲು ಮಾನ್ಯವಲ್ಲ.’

ಅಂದಿನಿಂದ ಯಾರಿಗೆ ಕೈಪಿಡಿ ಬೇಕಾದರೂ, ಮೂಲಪತ್ರ ಹಿಡಿದುಕೊಂಡು ನಾನೇ ಅವರ ಜೊತೆ ಜೆರಾಕ್ಸ್ ಅಂಗಡಿಗೆ ಹೋಗಬೇಕಾಯಿತು.