ಸರಳ ಮೇಷ್ಟ್ರು ಬಟ್ಟೆ ಒಗೆದದ್ದು

ಡ್ರೈವಿಂಗ್ ಕಲಿಸುವ ಮೇಷ್ಟ್ರಿಗೆ ಐವತ್ತು ದಾಟಿದ ಮೇಲೆ ಜ್ಞಾನೋದಯವಾಯಿತು. ಅದೂ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಸರದಿ ಕಾಯುತ್ತ ಹಳೆಯ ಪತ್ರಿಕೆಯೊಂದನ್ನು ತಿರುವಿ ಹಾಕುವಾಗ. ಬೇಡದ್ದನ್ನು ಬಿಟ್ಟವನೇ ಸುಖಿ ಅಂತ ಯಾರೋ ಪುಣ್ಯಾತ್ಮರು ಬರೆದಿದ್ದರು. ಮೇಷ್ಟ್ರು ಹಲ್ಲು ಕೀಳಿಸಿಕೊಂಡು ಮನೆಗೆ ಬಂದವರೇ ಸಾಮಾನು ಕೀಳಲು ಶುರುಮಾಡಿದರು.

ಮೊದಲು ಸೋಫಾ ಹೋಯಿತು, ಆಮೇಲೆ ಮಿಕ್ಸಿ. ಕೊನೆಗೆ ವಾಷಿಂಗ್ ಮೆಷಿನ್ನು. ಅದನ್ನು ಹೆಂಡತಿಯ ತಮ್ಮ, ಭಾವನ ಮನಸ್ಸು ಎಲ್ಲಿ ಬದಲಾಗುತ್ತೋ ಅಂತ, ಅವತ್ತೇ ಗಾಡಿಗೆ ಹೇರಿಕೊಂಡು ಹೋದ.

“ಇನ್ನು ಬಟ್ಟೆ ಯಾರ್ರೀ ಒಗೀತಾರೆ?” ಎಂದಳು ಹೆಂಡತಿ.

“ದೇವರು ಎರಡು ಕೈ ಕೊಟ್ಟಿಲ್ವೇನೆ?”

ಯಾರ ಕೈ ಅಂತ ಮೇಷ್ಟ್ರು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕಾರು ಕಲಿಯಲು ಬಂದವರಿಗೂ ಉಪದೇಶ ತಪ್ಪಲಿಲ್ಲ. “ಆಸೆಗೂ ಬ್ರೇಕ್ ಹಾಕ್ಬೇಕಮ್ಮಾ” ಅಂದದ್ದೇ ತಡ, ಪಾಪದ ಹುಡುಗಿ ನಡುರಸ್ತೆಯಲ್ಲೇ ಬ್ರೇಕ್ ಒತ್ತಿದಳು; ಹಿಂದಿನ ಬಸ್ಸಿನವನು ಇಬ್ಬರ ವಂಶವನ್ನೂ ನೆನೆಸಿಕೊಂಡ. ಜನ ‘ಸರಳ ಮೇಷ್ಟ್ರು’ ಅಂತ ಹೆಸರಿಟ್ಟರು. ಕಾಲೇಜು, ಸಂಘಗಳಿಂದ ಭಾಷಣಕ್ಕೆ ಕರೆ ಬಂತು. ಸರಳತೆಗೆ ಬಿಳಿ ಬಟ್ಟೆಯೇ ಭೂಷಣವಲ್ಲವೇ? ದಿನಕ್ಕೊಂದು ಬಿಳಿ ಜೋಡಿ, ಅದಕ್ಕೆ ಗಂಜಿ, ಮೇಲೆ ಇಸ್ತ್ರಿ. ಸಂಸಾರಕ್ಕೆ ಸಮಯ ಕೊಡಿ ಎಂದು ಊರಿಗೆಲ್ಲ ಹೇಳುವ ಭರದಲ್ಲಿ, ಹೆಂಡತಿ ಹತ್ತು ನಿಮಿಷ ಕೂತು ಮಾತಾಡಿ ಅಂದರೆ ಅವರಿಗೆ ಪುರುಸೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಕೆ ಬಚ್ಚಲಿನ ಸೋಪುನೀರಲ್ಲಿ ಜಾರಿ ಬಿದ್ದಳು. ಬಲ ಮಣಿಕಟ್ಟು ಮುರಿದು, ಮೊಣಕೈವರೆಗೂ ಪ್ಲಾಸ್ಟರ್ ಬಂತು.

ಮಾರನೆಯ ದಿನ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಬಚ್ಚಲಿಗಿಳಿದರು. ಅಂಗಿಗಳು ಹೇಗೋ ಮುಗಿದವು. ದೊಡ್ಡ ಹೊದಿಕೆ ಮಾತ್ರ ಬಗ್ಗಲಿಲ್ಲ. ಈ ತುದಿ ಹಿಂಡಿದರೆ ಆ ತುದಿ ಬಿಚ್ಚಿಕೊಂಡು, ನೀರೆಲ್ಲ ಅವರ ಮೈಮೇಲೇ ಸುರಿಯಿತು. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಹೆಂಡತಿ ನೋಡಿದಳು.

“ನಲ್ಲಿಗೆ ಸುತ್ತಿ ಹಿಂಡಿ.”

“ನೀನು ದಿನಾ ಹೀಗೇ ಮಾಡ್ತಿದ್ಯಾ?”

“ಇಲ್ಲ, ಹೊದಿಕೆಗೆ ಭಾಷಣ ಮಾಡ್ತಿದ್ದೆ. ಅದು ನಾಚಿಕೊಂಡು ತಾನೇ ಒಣಗ್ತಿತ್ತು.”

ಮೇಷ್ಟ್ರಿಗೆ ನಗು ಬರಲಿಲ್ಲ. ಸೊಂಟ ಹಿಡಿದಿತ್ತು. ಇಷ್ಟು ದಿನ ತಾನು ಬಿಟ್ಟದ್ದೆಲ್ಲ ಇವಳ ಹೆಗಲಿಗೇ ಬಿದ್ದಿತ್ತಲ್ಲ ಅನ್ನುವುದು ತಲೆಗೆ ಹತ್ತಿತು. ತಲೆಗೆ ಹತ್ತಲು ಸೊಂಟದ ದಾರಿಯೇ ಬೇಕಾಯಿತು, ಅಷ್ಟೆ.

ಸಂಜೆ ಬಾಮೈದನ ಮನೆಗೆ ಹೋಗಿ, ತಲೆ ಕೆರೆದುಕೊಳ್ಳುತ್ತ ಮೆಷಿನ್ನಿನ ಮಾತೆತ್ತಿದರು.

“ಏನ್ ಭಾವ, ಬಿಟ್ಟಿದ್ದನ್ನ ಮತ್ತೆ ಹಿಡೀಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು?” ಅಂದ ಆತ, ಮುಖದಲ್ಲಿ ಪರಮ ಭಕ್ತಿ.

ಮೇಷ್ಟ್ರು ಅಲ್ಲಿಂದ ನೇರ ಅಂಗಡಿಗೆ ಹೋಗಿ ಹೊಸ ಮೆಷಿನ್ ತಂದರು. ಭಾಷಣಕ್ಕೆ ಕರೆದವರಿಗೆ “ಮನೇಲಿ ಕೆಲಸ ಇದೆ” ಎಂದು ಫೋನಿಟ್ಟರು. ಅವರು ಆಡಿದ ಮಾತುಗಳಲ್ಲೆಲ್ಲ ಅತ್ಯಂತ ಸರಳವಾದದ್ದು ಅದೇ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆಂಡತಿಗೆ ಕೈ ಆಗಾಗ “ಜುಮ್” ಅನ್ನುತ್ತಿತ್ತು, ಅದರಲ್ಲೂ ಕಸ ಗುಡಿಸುವ ಹೊತ್ತಿಗೆ. ಒಂದು ದಿನ ಆಕೆ ಅದೇ ಕೈಯಲ್ಲಿ ತುಂಬಿದ ಕೊಡ ಎತ್ತಿದ್ದನ್ನು ಮೇಷ್ಟ್ರು ಕಿಟಕಿಯಿಂದ ಕಣ್ಣಾರೆ ಕಂಡರು. ಕಂಡೂ ಕಾಣದಂತೆ ಪೊರಕೆ ಕೈಗೆತ್ತಿಕೊಂಡರು.